ಎಲ್ಲಕ್ಕೂ ‘ಮರುಸೇರ್ಪಡೆ’ ಬೇಡ

ಮಾನ್ಯ ಸಂಪಾದಕರೇ,

ಹೆರಿಗೆ ರಜೆ ಮುಗಿಸಿ ಬಂದ ಶಿಕ್ಷಕಿ, ಅಮಾನತು ತೆರವಾದ ಪಿಡಿಒ, ಪಕ್ಷ ಬಿಟ್ಟುಹೋಗಿ ಹಿಂದಿರುಗಿದ ಶಾಸಕ – ಮೂವರಿಗೂ ಸುದ್ದಿಗಳಲ್ಲಿ ‘ಮರುಸೇರ್ಪಡೆ’ ಎಂಬ ಒಂದೇ ಪದ. ಇಂಗ್ಲಿಷ್ ಪ್ರತಿಯಲ್ಲಿ ‘ರಿಜಾಯಿನ್’ ಕಂಡರೆ ಸಾಕು, ಕೈ ತಾನಾಗಿ ಅದನ್ನೇ ಬರೆಯುತ್ತದೆ.

ರಜೆಯಲ್ಲಿದ್ದವರ ಹುದ್ದೆ ಎಲ್ಲೂ ಹೋಗಿರುವುದಿಲ್ಲ. ಅವರು ‘ಕೆಲಸಕ್ಕೆ ಮರಳಿದರು’, ಅಷ್ಟೆ. ಅಮಾನತಿನಲ್ಲೂ ನೌಕರಿಯ ನಂಟು ಕಡಿಯುವುದಿಲ್ಲ. ಹಾಗಾಗಿ ‘ಅಮಾನತು ತೆರವಾಗಿ ಕರ್ತವ್ಯಕ್ಕೆ ಹಾಜರಾದರು’ ಎನ್ನಬೇಕು. ಇವರಿಗೆ ‘ಮರುನೇಮಕ’ವಂತೂ ಸಲ್ಲದು, ಅದಕ್ಕೆ ಹೊಸ ನೇಮಕಾತಿ ಆದೇಶ ಬೇಕು. ಶಾಸಕರಿಗೆ ‘ಮರುಸೇರ್ಪಡೆ’ ಒಪ್ಪುತ್ತದೆ. ‘ಪುನಃ ಮರುಸೇರ್ಪಡೆ’ ಎಂದರೆ ಮಾತ್ರ ಎರಡನೇ ಸಲ ವಾಪಸು ಬಂದರು ಎಂದಾಗುತ್ತದೆ. ಕೆಲವರ ವಿಷಯದಲ್ಲಿ ಅದೂ ನಿಜವೇ ಅನ್ನಿ.

‘ರಿಜಾಯಿನ್’ ಪದದ ಬೇರು ಲ್ಯಾಟಿನ್ನಿನ ‘ಯುಂಗೆರೆ’, ಅಂದರೆ ನೊಗಕ್ಕೆ ಹೂಡು, ಕೂಡಿಸು. ಸಂಸ್ಕೃತದ ‘ಯುಜ್’, ‘ಯೋಗ’ ಅದೇ ಬಳಗದವು. ಫ್ರೆಂಚಿನ ‘ರಿಜ್ವಾಂದ್ರ್’ ಮೂಲಕ ಇಂಗ್ಲಿಷಿಗೆ ಬಂತು. ಕನ್ನಡದಲ್ಲಿ ಈ ಕೆಲಸಕ್ಕೆ ‘ಕೂಡು’ ಇದ್ದೇ ಇದೆ. ಶ್ರೀರಂಗಪಟ್ಟಣದ ಬಳಿ ಕವಲೊಡೆದ ಕಾವೇರಿ ಸಂಗಮದಲ್ಲಿ ಮತ್ತೆ ಕೂಡುತ್ತಾಳೆ. ‘ಮರುಸೇರ್ಪಡೆಗೊಂಡಳು’ ಎಂದು ಯಾರೂ ಅನ್ನರು. ಮುರಿದ ಮೂಳೆಯೂ ಕೂಡುತ್ತದೆ. ತುಂಡಾದ ಕಬ್ಬಿಣದ ಪೈಪನ್ನು ಬೆಸೆಯುತ್ತೇವೆ.

ಹೆಚ್ಚು ಎಡವುವುದು ಕೋರ್ಟ್ ಸುದ್ದಿಯಲ್ಲಿ. ಅಲ್ಲಿ ‘ರಿಜಾಯಿನ್’ ಎಂದರೆ ಉತ್ತರ ಕೊಡು. ಇಂಗ್ಲಿಷಿನಲ್ಲಿ ಈ ಅರ್ಥವೇ ಹಳೆಯದು, 15ನೇ ಶತಮಾನದ್ದು. ‘ಮತ್ತೆ ಕೂಡು’ ಎಂಬುದು 16ನೇ ಶತಮಾನದಲ್ಲಿ ಬಂತು. ಹೀಗೆ ಕೋರ್ಟಿಗೆ ಕೊಡುವ ಉತ್ತರವೇ ‘ರಿಜಾಯಿಂಡರ್’. ಅದರ ಕೊನೆಯ ‘ಅರ್’ ಫ್ರೆಂಚ್ ಕ್ರಿಯಾಪದದ ಬಾಲ. ನಾಮಪದವಾದಾಗಲೂ ಅದು ಉದುರಲಿಲ್ಲ, ‘ಡಿನ್ನರ್’ನಲ್ಲಿ ಉಳಿದಂತೆ.

ಇಂಗ್ಲೆಂಡಿನ ಹಳೆಯ ಪದ್ಧತಿಯಲ್ಲಿ ವಾದಿಯ ದೂರು, ಪ್ರತಿವಾದಿಯ ಉತ್ತರ, ಅದಕ್ಕೆ ವಾದಿಯ ‘ರೆಪ್ಲಿಕೇಶನ್’, ನಾಲ್ಕನೆಯದಾಗಿ ಪ್ರತಿವಾದಿಯ ರಿಜಾಯಿಂಡರ್. ನಮ್ಮ ನ್ಯಾಯಾಲಯಗಳ ರೂಢಿಯಲ್ಲಿ ಅದು ಮೂರನೆಯದು: ಎದುರು ಪಕ್ಷದ ಲಿಖಿತ ಹೇಳಿಕೆಗೋ ಆಕ್ಷೇಪಣೆಗೋ ವಾದಿ ಅಥವಾ ಅರ್ಜಿದಾರ ಕೊಡುವ ಉತ್ತರ. ಅಲ್ಲಿ ಪ್ರತಿವಾದಿಯದು, ಇಲ್ಲಿ ವಾದಿಯದು! ವಿದೇಶಿ ಮೊಕದ್ದಮೆಯ ವರದಿ ಅನುವಾದಿಸುವಾಗ ಪಕ್ಷಗಳು ಅದಲುಬದಲಾಗುವುದು ಇಲ್ಲೇ. ‘ಪ್ರತ್ಯುತ್ತರ’ ಎಂದು ಬರೆದು, ಯಾರು ಸಲ್ಲಿಸಿದ್ದು ಎಂಬುದನ್ನೂ ಅದೇ ವಾಕ್ಯದಲ್ಲಿ ಹೇಳಿದರೆ ಓದುಗರು ತಡಕಾಡಬೇಕಿಲ್ಲ.

– ಭಾಷಾಂತರಕಾರರು, ಮೈಸೂರು