ಬಿಡಿಎಸ್ ಸೀಟು ಸಿಕ್ಕ ಹೊತ್ತಿನಲ್ಲಿ ನೆನೆಯಬೇಕಾದವರು

ವೈದ್ಯಕೀಯ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ನೀಟ್ ಬಳಿಕ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ ಸೀಟು ಹಂಚಿಕೆಯಲ್ಲಿ ನನಗೆ ಕಲಬುರಗಿಯಲ್ಲೇ ದಂತವೈದ್ಯಕೀಯ ಪದವಿಯ, ಅಂದರೆ ಬಿಡಿಎಸ್‌ನ, ಸೀಟು ದೊರೆತಿದೆ. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐನಲ್ಲಿ ಫಿಟ್ಟರ್ ಕಲಿತು, ಹಲ್ಲಿನ ಸೆಟ್ ತಯಾರಿಸುವ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದ ನಾನು, ನನಗಿಂತ ಬಹಳ ಚಿಕ್ಕವರ ಜೊತೆ ಪಿಯು ವಿಜ್ಞಾನದ ಬೆಂಚಿನಲ್ಲಿ ಕೂತು ಇಲ್ಲಿಯವರೆಗೆ ಬಂದದ್ದು ಹಲವರ ನೆರವಿನಿಂದ. ಅವರಿಗೆ ಬಹಿರಂಗವಾಗಿಯೇ ಕೃತಜ್ಞತೆ ಹೇಳಬೇಕೆನಿಸಿತು.

ಮೊದಲ ಋಣ ಲ್ಯಾಬಿನ ಮಾಲೀಕರದು. ಕ್ಲಿನಿಕ್ಕುಗಳಿಂದ ಬಂದ ಅಚ್ಚಿಗೆ ಸ್ಟೋನ್ (ಗಟ್ಟಿಯಾಗುವ ಜಿಪ್ಸಮ್ ಪುಡಿಯ ಕಲಸು) ಸುರಿಯುವುದು, ಮೇಣದ ಮೇಲೆ ಹಲ್ಲು ಜೋಡಿಸುವುದು, ಫ್ಲಾಸ್ಕಿನಲ್ಲಿ ಅಕ್ರಿಲಿಕ್ ತುಂಬಿ ಬಿಸಿನೀರಿನಲ್ಲಿ ಗಟ್ಟಿಯಾಗಿಸುವುದು, ಕೊನೆಗೆ ಉಜ್ಜಿ ಪಾಲಿಶ್ ಮಾಡುವುದು, ಇಷ್ಟನ್ನು ಕಲಿಸಿ ಅವರು ಸುಮ್ಮನಿರಬಹುದಿತ್ತು. ಆದರೆ ಮೇಲಿನ ದವಡೆಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು, ಕೆಳಗಿನದಕ್ಕೆ ಎರಡೇ ಏಕೆ ಎಂಬಂಥ ಪ್ರಶ್ನೆ ಕೇಳಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬದಿಗಿಟ್ಟು ಉತ್ತರಿಸಿದರು. "ಇಷ್ಟು ಕೇಳಾಂವ ಇಲ್ಯಾಕ ಕುಂತೀದಿ ತಮ್ಮಾ, ಓದ್ಲಾಕ ಹೋಗು" ಎಂದವರೂ ಅವರೇ; ನಾನು ಕಾಲೇಜಿಗೆ ಸೇರಿದ ಮೇಲೆ ಸಂಜೆಯ ಕೆಲಸವನ್ನಷ್ಟೇ ಕೊಟ್ಟು, ಪರೀಕ್ಷೆಯ ತಿಂಗಳುಗಳಲ್ಲಿ ಅದನ್ನೂ ಬಿಡಿಸಿದರು.

ನೀಟ್‌ನ 180 ಪ್ರಶ್ನೆಗಳಲ್ಲಿ ಅರ್ಧ ಜೀವಶಾಸ್ತ್ರದವು, ಅದರ ಚಿಂತೆ ನನಗಿರಲಿಲ್ಲ. ಹೆದರಿಸಿದ್ದು ಭೌತಶಾಸ್ತ್ರದ 45. ಐಟಿಐ ಎಂದರೆ ಓದಿನಲ್ಲಿ ಹಿಂದುಳಿದವರ ದಾರಿ ಎಂಬ ಮಾತು ನಮ್ಮಲ್ಲಿ ಸಲೀಸಾಗಿ ಬರುತ್ತದೆ (ಆ ಮಾತನ್ನು ಹೆಚ್ಚಾಗಿ ಆಡುವವರು ಫೈಲು ಹಿಡಿದು ಕಬ್ಬಿಣ ಉಜ್ಜಿದವರಲ್ಲ). ನಮ್ಮ ಭೌತಶಾಸ್ತ್ರದ ಉಪನ್ಯಾಸಕರು ಮಾತ್ರ ಫಿಟ್ಟರ್ ಕೆಲಸದಲ್ಲಿ ನನಗೆ ಪಳಗಿದ್ದ ಅಳತೆಯ ಸಾಧನಗಳಾದ ವರ್ನಿಯರ್ ಕ್ಯಾಲಿಪರ್ ಮತ್ತು ಸ್ಕ್ರೂ ಗೇಜ್ ಬಳಸುವುದನ್ನು ಇಡೀ ತರಗತಿಗೆ ನನ್ನಿಂದಲೇ ತೋರಿಸಿ, ನನ್ನಲ್ಲಿದ್ದ ಸಂಕೋಚವನ್ನು ಒಂದೇ ದಿನದಲ್ಲಿ ಕಳೆದರು.

ಯಾದಗಿರಿ ಜಿಲ್ಲೆಯ ನಮ್ಮೂರ ಮಕ್ಕಳ ಹಲ್ಲಿನ ಕಂದು ಕಲೆ ತಂಬಾಕಿನದೂ ಅಲ್ಲ, ಉಜ್ಜದೆ ಬಿಟ್ಟದ್ದರಿಂದಲೂ ಅಲ್ಲ ಎಂದು ಲ್ಯಾಬಿಗೆ ಬರುತ್ತಿದ್ದ ದಂತವೈದ್ಯೆಯೊಬ್ಬರು ವಿವರಿಸಿದ್ದರು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದ ಫ್ಲೋರೈಡ್ ಮೀರಿದಾಗ, ವಸಡಿನೊಳಗೆ ಹಲ್ಲಿನ ಹೊರಪದರವಾದ ಎನಾಮಲ್ ರೂಪುಗೊಳ್ಳುವ ಬಾಲ್ಯದಲ್ಲೇ ಅದು ಕೆಡುತ್ತದೆಂದು ತಿಳಿದ ದಿನವೇ ನಾನು ದಂತವೈದ್ಯಕೀಯವನ್ನು ಆರಿಸಿಕೊಂಡೆ. ಎಂಬಿಬಿಎಸ್ ಸಿಗದ್ದಕ್ಕೆ ಇದು ಎಂದು ಭಾವಿಸಿದವರಿಗೆ ಇಷ್ಟು ಹೇಳಬೇಕಿತ್ತು.

ಸಂವಿಧಾನದ 371(ಜೆ) ವಿಧಿಯಿಂದಾಗಿ ಕಲ್ಯಾಣ ಕರ್ನಾಟಕವೆಂಬ ನಮ್ಮ ಈ ಭಾಗದ ಕಾಲೇಜುಗಳ ಸರ್ಕಾರಿ ಸೀಟುಗಳಲ್ಲಿ ಶೇ 70 ಸ್ಥಳೀಯರಿಗೆ ದೊರೆಯುತ್ತಿರುವುದರ ಫಲಾನುಭವಿಗಳಲ್ಲಿ ನಾನೂ ಒಬ್ಬ. ಅದಕ್ಕಾಗಿ ದಶಕಗಳ ಕಾಲ ಹೋರಾಡಿದ ದಿವಂಗತ ವೈಜನಾಥ ಪಾಟೀಲರನ್ನೂ ಅವರ ಜೊತೆಗಾರರನ್ನೂ ನೆನೆಯದಿದ್ದರೆ ತಪ್ಪಾದೀತು.

ದುಡಿಯುವ ಮಗ ಮತ್ತೆ ಪುಸ್ತಕ ಹಿಡಿದಾಗ ಮನೆಯ ಖರ್ಚನ್ನು ಹೊತ್ತವರು ಅವ್ವ ಮತ್ತು ಅಣ್ಣ. ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ ಇನ್ನೂ ಮುಂದಿವೆ ಎಂದು ತಿಳಿದ ಮೇಲೂ ಇಬ್ಬರೂ ಆಗಲಿ ಎಂದಿದ್ದಾರೆ.