ರಜೆಯ ಮನೆಗೆಲಸ: ಒಂದು ಬೋಗುಣಿ ನೀರು, ಹದಿನೈದು ನಿಮಿಷ

ಮಾನ್ಯ ಪೋಷಕರಿಗೆ ನಮಸ್ಕಾರ,

ಈ ಬೇಸಿಗೆ ರಜೆಗೆ ಪುಟಗಟ್ಟಲೆ ಕಾಪಿ ಬರೆಯುವ ಕೆಲಸ ಕೊಟ್ಟಿಲ್ಲ. ಮಹಡಿ ಮೇಲೋ ಹಿತ್ತಲಲ್ಲೋ ಹಕ್ಕಿಗಳಿಗೆ ನೀರಿಟ್ಟು, ದಿನಕ್ಕೆ ಹದಿನೈದು ನಿಮಿಷ ಸುಮ್ಮನೆ ಕೂತು ನೋಡಬೇಕು, ಅಷ್ಟೆ. ಜೊತೆಗೆ ಅಜ್ಜಿಯೋ ತಾತನೋ ಕೂತರೆ ಇನ್ನೂ ಒಳ್ಳೆಯದು. ಮಕ್ಕಳ ಕಣ್ಣು ಚುರುಕು, ಹಿರಿಯರಿಗೆ ತಾಳ್ಮೆ ಹೆಚ್ಚು. ಇದಕ್ಕೆ ಎರಡೂ ಬೇಕು.

ಬೋಗುಣಿ ಮಣ್ಣಿನದಿರಲಿ, ಅಗಲವಾಗಿರಲಿ, ಆಳ ಎರಡು ಇಂಚು ಮೀರದಿರಲಿ. ನುಣುಪಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಸಣ್ಣ ಹಕ್ಕಿಗಳು ಕಾಲೂರಲಾಗದೆ ಮುಳುಗುವುದುಂಟು. ಸ್ಟೀಲ್ ಪಾತ್ರೆ ಬಿಸಿಲಿಗೆ ಕಾಯುತ್ತದೆ. ಒಳಗೊಂದು ಒರಟು ಕಲ್ಲಿಡಿ. ಜಾಗ ನೆರಳಲ್ಲಿರಲಿ, ಪೊದೆಯಿಂದ ಆರೇಳು ಅಡಿ ದೂರವಿರಲಿ: ಪಕ್ಕದಲ್ಲೇ ಇಟ್ಟರೆ ಬೆಕ್ಕು ಹೊಂಚು ಹಾಕುತ್ತದೆ, ತೀರಾ ಬಯಲಲ್ಲಿಟ್ಟರೆ ಹಕ್ಕಿ ಅಂಜುತ್ತದೆ. ದಿನಾ ನೀರು ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ, ಹೊಸದು ತುಂಬಿ. ಸೋಪು ಬೇಡ. ವಾರಗಟ್ಟಲೆ ಬಿಟ್ಟರೆ ಸೊಳ್ಳೆ ಸಾಕಿದಂತೆ. ಮೊದಲ ಕೆಲವು ದಿನ ಯಾವುದೂ ಬರದಿದ್ದರೆ ಬೋಗುಣಿಯನ್ನು ಅಲ್ಲಿಂದಿಲ್ಲಿಗೆ ಎತ್ತಿಡಬೇಡಿ, ಅವಕ್ಕೆ ರೂಢಿಯಾಗಬೇಕು.

ಪಂಜರದ ಗಿಳಿ ತಂದು ಈ ಕೆಲಸ ಮುಗಿಸುವ ಹಾಗಿಲ್ಲ. ನಮ್ಮ ಕಾಡುಗಿಳಿಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಹೆಸರು ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. ಗುಬ್ಬಿಯಷ್ಟೋ, ಗೊರವಂಕದಷ್ಟೋ, ಕಾಗೆಯಷ್ಟೋ. ಕೊಕ್ಕು ಹೇಗಿದೆ, ಏನು ಮಾಡುತ್ತಿತ್ತು ಎಂದು ಮಗು ಬರೆದರೆ ಸಾಕು. ಪಿಕಳಾರದ (ಬುಲ್‌ಬುಲ್) ಬಾಲದ ಬುಡದ ಕೆಂಪು, ನಸುಕಿನಲ್ಲೇ ಕಂಬದ ತುದಿಯಲ್ಲಿ ಹಾಡುವ ಮಡಿವಾಳ ಹಕ್ಕಿ ಬೇಗ ಗುರುತು ಸಿಗುತ್ತವೆ. ಕೋಗಿಲೆಯದೇ ತಮಾಷೆ. 'ಕುಹೂ' ಎನ್ನುವ ಕೆಂಪುಗಣ್ಣಿನ ಕರಿ ಹಕ್ಕಿ ಗಂಡು; 'ಕಿಕ್ ಕಿಕ್' ಎಂದು ಚೀರುವ, ಕಂದು ಮೈಮೇಲೆ ಬಿಳಿ ಚುಕ್ಕಿಯ ಹಕ್ಕಿ ಅದರ ಹೆಣ್ಣು. ಎರಡೂ ಬೇರೆ ಬೇರೆ ಜಾತಿ ಎಂದು ವರ್ಷಗಟ್ಟಲೆ ನಂಬಿದ ಮನೆಗಳು ಬೇಕಾದಷ್ಟಿವೆ.

ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯಬೇಡಿ. ಎದುರಾಳಿ ಬಂದನೆಂದು ಗಂಡು ಹಕ್ಕಿ ಗೂಡಿನ ಕೆಲಸ ಬಿಟ್ಟು ಜಗಳಕ್ಕೆ ಹುಡುಕಾಡುತ್ತದೆ.

ಪುಕ್ಕ ಬಂದ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಮನೆಯೊಳಗೆ ತರಬೇಡಿ. ಅದು ಹಾರಲು ಕಲಿಯುತ್ತಿರುತ್ತದೆ, ತಾಯಿ-ತಂದೆ ಹತ್ತಿರದಲ್ಲೇ ಇರುತ್ತವೆ. ನಾಯಿ-ಬೆಕ್ಕಿನ ಭಯವಿದ್ದರೆ ಪಕ್ಕದ ಪೊದೆಯ ಮೇಲಿಡಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು. ಬಾಯಿಗೆ ನೀರು ಮಾತ್ರ ಬಿಡಬೇಡಿ: ಹಕ್ಕಿಯ ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ನೀರು ನೇರ ಶ್ವಾಸಕೋಶಕ್ಕಿಳಿಯುತ್ತದೆ.

ಶಾಲೆ ತೆರೆದ ದಿನ ನೋಟ್‌ಬುಕ್ ಕಳಿಸಿ. ಇದಕ್ಕೆ ಅಂಕವಿಲ್ಲ.

ಇಂತಿ,
ಮುಖ್ಯ ಶಿಕ್ಷಕರು