ಯುದ್ಧಕಾಲದ ಫೋಟೊ ಮಾರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಫೋಟೊಗಳನ್ನು ‘ಪುಸ್ತಕಕ್ಕೆ ಬಳಸುವ ಹಕ್ಕು ಸಮೇತ’ ಅಂತ ಇಲ್ಲಿ ಮಾರಾಟಕ್ಕೆ ಹಾಕುವುದು ಜಾಸ್ತಿಯಾಗಿದೆ. ದಯವಿಟ್ಟು ಹಾಗೆ ಬರೆಯಬೇಡಿ. ಪ್ರಿಂಟ್ ನಿಮ್ಮದು, ಧಾರಾಳವಾಗಿ ಮಾರಿ. ಆದರೆ ಪ್ರಿಂಟ್ ಕೊಂಡ ಮಾತ್ರಕ್ಕೆ ಕಾಪಿರೈಟ್ ಕೈಗೆ ಬರುವುದಿಲ್ಲ.

ಮೊದಲು ಫೋಟೊ ತಿರುಗಿಸಿ ಹಿಂಬದಿ ನೋಡಿ. ಅಮೆರಿಕ ಸೇನೆಯ ಸಿಗ್ನಲ್ ಕೋರ್ (ಸಂಪರ್ಕ, ಫೋಟೊ ಕೆಲಸ ನೋಡಿಕೊಳ್ಳುತ್ತಿದ್ದ ವಿಭಾಗ) ಮುದ್ರೆ ಇದ್ದರೆ, ಅದು ಸರ್ಕಾರಿ ನೌಕರರು ಕೆಲಸದ ಭಾಗವಾಗಿ ತೆಗೆದದ್ದು. ಅಮೆರಿಕದಲ್ಲಿ ಅದಕ್ಕೆ ಕಾಪಿರೈಟೇ ಇಲ್ಲ. ಯುದ್ಧದ ಹೊತ್ತಿನಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ಅವರ ವಿಮಾನಗಳ ರಿಪೇರಿ ನಡೆಯುತ್ತಿತ್ತಲ್ವಾ, ಅಲ್ಲಿ ಅವರ ಸೇನೆಯವರೇ ತೆಗೆದ ಫೋಟೊಗಳಿಗೂ ಇದೇ ಮಾತು. ಬ್ರಿಟಿಷ್ ಸರ್ಕಾರಿ ಫೋಟೊಗಳ ಹಿಂದೆ ‘ಕ್ರೌನ್ ಕಾಪಿರೈಟ್ ರಿಸರ್ವ್ಡ್’, ಅಂದರೆ ಹಕ್ಕು ಬ್ರಿಟಿಷ್ ಸರ್ಕಾರದ್ದು, ಅಂತ ಒತ್ತಿರುತ್ತದೆ. ನೋಡಿ ಗಾಬರಿಯಾಗಬೇಡಿ. 1957ರ ಜೂನ್‌ಗೆ ಮೊದಲು ತೆಗೆದವುಗಳ ಹಕ್ಕು 50 ವರ್ಷಕ್ಕೆ ಮುಗಿದಿದೆ. ಆದರೂ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನ ತಾಣದಿಂದ ಇಳಿಸಿಕೊಂಡ ಫೈಲ್‌ಗಳನ್ನು ಮಾರಲೇಬೇಡಿ. ಅವರ ಷರತ್ತು ಬೇರೆ ಇದೆ.

ನಿಜವಾದ ಕಷ್ಟ ಸುದ್ದಿಸಂಸ್ಥೆ, ಪತ್ರಿಕೆಗಳ ಫೋಟೊಗಳದ್ದು. ದೇಶಕ್ಕೊಂದು ಅವಧಿ. ಹೆಸರಾಂತ ಯುದ್ಧ ಛಾಯಾಗ್ರಾಹಕ ರಾಬರ್ಟ್ ಕಾಪಾ ತೀರಿಕೊಂಡದ್ದು 1954ರಲ್ಲಿ. ಯುರೋಪಿನ ಹೆಚ್ಚಿನ ದೇಶಗಳಲ್ಲಿ ಸಾವಿನ ನಂತರ 70 ವರ್ಷ ಹಕ್ಕು ಇರುವುದರಿಂದ, ಅಲ್ಲಿ ಅವರ ಫೋಟೊಗಳು 2024ರ ಕೊನೆಯವರೆಗೂ ಕಾಪಿರೈಟ್‌ನಲ್ಲೇ ಇದ್ದವು. ಹಳೇದು ಅಂದ ತಕ್ಷಣ ಸುಮ್ನೆ ಅಚ್ಚು ಹಾಕಿಸುವಂತಿಲ್ಲ.

ಇನ್ನು ಮೇಲೆ ಮಾರಾಟಕ್ಕೆ ಹಾಕುವಾಗ ಫೋಟೊದ ಎರಡೂ ಬದಿ ಹಾಕಿ. ಎಲ್ಲಿಂದ ಸಿಕ್ಕಿತು ಅಂತ ಒಂದು ಸಾಲು ಬರೆಯಿರಿ. ಸೈನಿಕರ ಮನೆಯ ಆಲ್ಬಂ ಆದರೆ ಮನೆಯವರ ಒಪ್ಪಿಗೆ ಬೇಕೇ ಬೇಕು. ಅದರಲ್ಲಿರುವುದು ಯಾರದೋ ಅಜ್ಜನ ಮುಖ. ಇಷ್ಟಿಲ್ಲದ ಪೋಸ್ಟ್‌ಗಳನ್ನು ಸೋಮವಾರದಿಂದ ತೆಗೆಯುತ್ತೇವೆ.

— ಅಡ್ಮಿನ್